ಫೋನ್ ಕದ್ದಾಲಿಸಲು ಜಡ್ಜ್ ಒಪ್ಪಿಗೆ ಬೇಕಾ?

ಪ್ರಶ್ನೆ: ನಮ್ಮೂರಲ್ಲಿ ಕೆರೆ ಒತ್ತುವರಿ ವಿರುದ್ಧ ಹೋರಾಡುತ್ತಿದ್ದೇವೆ. ನಮ್ಮ ಫೋನ್ ಕದ್ದಾಲಿಸುತ್ತಿದ್ದಾರೆ ಅಂತ ಕೆಲವರಿಗೆ ಅನುಮಾನ. ಪೊಲೀಸರು ಹಾಗೆ ಮಾಡಬೇಕಾದರೆ ಮೊದಲು ಕೋರ್ಟ್ ಅನುಮತಿ ಪಡೆಯಬೇಕು ಅಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಕಿಲ್ಲ. ನಮ್ಮಲ್ಲಿ ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ. ತೀರಾ ತುರ್ತು ಅಂದರೆ ರಾಜ್ಯದಲ್ಲಿ ಐಜಿಪಿ ದರ್ಜೆಯ ಅಧಿಕಾರಿಯೇ ಶುರು ಮಾಡಿಸಬಹುದು, ಆದರೆ 7 ಕೆಲಸದ ದಿನಗಳೊಳಗೆ ಮೇಲಿನಿಂದ ಒಪ್ಪಿಗೆ ಬರದಿದ್ದರೆ ನಿಲ್ಲಿಸಲೇಬೇಕು. ಒಂದು ಆದೇಶದ ಆಯಸ್ಸು 60 ದಿನ, ವಿಸ್ತರಿಸುತ್ತಾ ಹೋದರೂ ಒಟ್ಟು 180 ದಿನ ದಾಟುವಂತಿಲ್ಲ.

ಜಡ್ಜ್ ಯಾಕಿಲ್ಲ? 1996ರಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದ ಕೇಸಿನಲ್ಲಿ, ಇದೇ ಬೇಡಿಕೆ ಸುಪ್ರೀಂ ಕೋರ್ಟ್ ಮುಂದಿತ್ತು. ಕಾನೂನಿನಲ್ಲೇ ಇಲ್ಲದ್ದನ್ನು ತಾನು ಸೇರಿಸಲಾಗದು ಎಂದ ಕೋರ್ಟ್, ಆದೇಶಗಳನ್ನು ಆಮೇಲೆ ನೋಡಲು ಪರಿಶೀಲನಾ ಸಮಿತಿ ಇರಲಿ ಎಂದಿತು. ರಾಜ್ಯದಲ್ಲಿ ಆ ಸಮಿತಿಗೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು, ಉಳಿದವರೂ ಕಾರ್ಯದರ್ಶಿಗಳೇ. ಅಂದರೆ ಕೇಳುವವರು, ಕೊಡುವವರು, ಸರಿಯಿದೆಯಾ ಅಂತ ನೋಡುವವರು ಎಲ್ಲರೂ ಒಂದೇ ಸರ್ಕಾರದ ಅಧಿಕಾರಿಗಳು! ನನಗೆ ಸಿಟ್ಟು ಬರುವುದು ಇಲ್ಲೇ. ಕೇಂದ್ರದ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶ ನೋಡಬೇಕಾಗುತ್ತದೆ, ಇದು ಆಗದ ಮಾತು ಅಂತ ದತ್ತಾಂಶ ರಕ್ಷಣೆ ಬಗ್ಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲೇ ಹೇಳಿತ್ತು.

1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆ ಹಗರಣದಲ್ಲಿ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ತಂದುಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಷ್ಟಾದರೂ 2023ರ ಹೊಸ ದೂರಸಂಪರ್ಕ ಕಾಯ್ದೆ, 2024ರ ಅದರ ನಿಯಮಗಳು ಎರಡರಲ್ಲೂ ಜಡ್ಜ್‌ಗೆ ಜಾಗ ಸಿಗಲಿಲ್ಲ.

ಪ್ರಶ್ನೆ: ಜಡ್ಜ್ ಸಹಿಗೆ ಕಾಯುತ್ತಾ ಕೂತರೆ ಉಗ್ರರು ತಪ್ಪಿಸಿಕೊಳ್ಳುವುದಿಲ್ಲವೇ?
– ಇನ್ನೊಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಭಯ ನ್ಯಾಯವಾದದ್ದೇ, ದಾರಿಯೂ ಇದೆ. ಬ್ರಿಟನ್ನಿನ 2016ರ ಕಾನೂನಿನಲ್ಲಿ ಸಚಿವರು ಸಹಿ ಹಾಕಿದ ಮೇಲೆ ನ್ಯಾಯಾಂಗ ಆಯುಕ್ತರೂ (ಹಿರಿಯ ನ್ಯಾಯಾಧೀಶರಾಗಿ ಕೆಲಸ ಮಾಡಿದವರು) ಒಪ್ಪಬೇಕು. ತುರ್ತಿದ್ದರೆ ಮೊದಲು ಶುರು ಮಾಡಿ, 3 ಕೆಲಸದ ದಿನಗಳೊಳಗೆ ಅವರ ಒಪ್ಪಿಗೆ ಪಡೆಯಬಹುದು. ಅಮೆರಿಕದಲ್ಲಿ ವಿದೇಶಿ ಬೇಹುಗಾರಿಕೆಯ ಕೇಸುಗಳಿಗೆಂದೇ 1978ರಿಂದ ಪ್ರತ್ಯೇಕ ಕೋರ್ಟ್ ಇದೆ. ಅದು ಗುಟ್ಟಾಗಿ ನಡೆಯುತ್ತದೆ, ಸರ್ಕಾರ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ ಎಂಬ ದೂರು ಅಲ್ಲೂ ಇದೆ, ನಿಜ. ಆದರೂ ಸರ್ಕಾರ ತನ್ನ ಕಾರಣವನ್ನು ಹೊರಗಿನ ಒಬ್ಬರ ಮುಂದೆ ಬರೆದು ಕೊಡಲೇಬೇಕಲ್ಲ, ನಮ್ಮಲ್ಲಿ ಅಷ್ಟೂ ಇಲ್ಲ.

ತುಮಕೂರಿನವರಿಗೆ ಇನ್ನೊಂದು ಮಾತು. ಕದ್ದಾಲಿಸಿದ್ದನ್ನು ನಿಮಗೆ ಯಾರೂ ತಿಳಿಸುವುದಿಲ್ಲ, ಸಾಮಾನ್ಯವಾಗಿ ಗೊತ್ತಾಗುವುದು ರೆಕಾರ್ಡಿಂಗ್ ಸಾಕ್ಷಿಯಾಗಿ ಕೋರ್ಟಿಗೆ ಬಂದಾಗಲೇ. ಹಾಗೇನಾದರೂ ಆದರೆ ಆ ಆದೇಶದ ಪ್ರತಿ ಕೊಡಿ ಅಂತ ವಕೀಲರ ಮೂಲಕ ಪಟ್ಟು ಹಿಡಿಯಿರಿ. 2019ರಲ್ಲಿ ಲಂಚದ ಕೇಸೊಂದರಲ್ಲಿ ಸಾರ್ವಜನಿಕ ಸುರಕ್ಷತೆಯ ಕಾರಣವೇ ಇಲ್ಲ ಎಂದು ಬಾಂಬೆ ಹೈಕೋರ್ಟ್ ಅಂಥ ಆದೇಶಗಳನ್ನು ರದ್ದು ಮಾಡಿ, ರೆಕಾರ್ಡಿಂಗ್ ನಾಶ ಮಾಡಿ ಎಂದಿತು. ಎಲ್ಲ ಹೈಕೋರ್ಟ್‌ಗಳೂ ಇದೇ ನಿಲುವು ತಳೆದಿಲ್ಲ, ಹಾಗಾಗಿ ಕ್ರಿಮಿನಲ್ ಕೇಸುಗಳಲ್ಲಿ ಪಳಗಿದ ವಕೀಲರನ್ನೇ ಹಿಡಿಯಿರಿ.