ನಮ್ಮ ಇನ್‌ಸ್ಪೆಕ್ಟರಮ್ಮ ಯಾಕೆ ಓಡುವುದಿಲ್ಲ?

ದಾವಣಗೆರೆಯ ಓದುಗ ಮಿತ್ರರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಎರಡು ಸಲ ಓದಿದೆ. ಮಿಕ್ಕ ಓದುಗರಿಗೂ ಗೊತ್ತಾಗಲಿ ಅಂತ ಅದರ ಸಾರ ಇಲ್ಲಿ ಹೇಳುತ್ತೇನೆ. ನಮ್ಮ ಪತ್ತೇದಾರಿ ಧಾರಾವಾಹಿಯನ್ನು ನೀವು ಹತ್ತು ವಾರದಿಂದ ಬಿಡದೆ ಓದುತ್ತಿದ್ದೀರಿ. ಸರಣಿ ಕೊಲೆಗಾರನ ಕಥೆ ಅಂತ ನಾವು ಹೇಳಿದ್ದೆವು. ಆದರೆ ನಮ್ಮ ಇನ್‌ಸ್ಪೆಕ್ಟರಮ್ಮ ಇನ್ನೂ ಒಂದು ಸಲವೂ ಓಡಿಲ್ಲ, ಪಿಸ್ತೂಲು ತೆಗೆದಿಲ್ಲ, ಠಾಣೆಯಿಂದ ಠಾಣೆಗೆ ಹೋಗಿ ರಿಜಿಸ್ಟರು ನೋಡುವುದೇ ಅವಳ ಕೆಲಸ ಆಗಿದೆ. ಕೊಲೆಗಾರನ ಮುಖವೇ ಕಾಣುತ್ತಿಲ್ಲ. ಅವನು ಹುಟ್ಟಿದ್ದೆಲ್ಲಿ, ಬೆಳೆದದ್ದು ಹೇಗೆ, ಅವನ ತಲೆಯಲ್ಲಿ ಏನು ಓಡುತ್ತಿದೆ, ಯಾವುದೂ ಇಲ್ಲ. "ಬುದ್ಧಿವಂತ ಕೊಲೆಗಾರ, ಅವನಿಗಿಂತ ಬುದ್ಧಿವಂತ ಪೊಲೀಸು, ಇಬ್ಬರಿಗೂ ಪೈಪೋಟಿ, ಇದೇ ಅಲ್ವಾ ಥ್ರಿಲ್ಲರ್ ಅಂದ್ರೆ?" ಅಂತ ಕೇಳಿದ್ದೀರಿ.

ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಆರನೇ ಕಂತು ಮತ್ತು ಏಳನೇ ಕಂತು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಅದನ್ನು ಕತ್ತರಿಸಿ ಒಂದು ಮಾಡಬೇಕಿತ್ತು, ಅದು ನನ್ನ ಕೆಲಸ, ಲೇಖಕಿಯ ತಪ್ಪಲ್ಲ. ಆದರೆ ರಿಜಿಸ್ಟರಿನ ವಿಷಯದಲ್ಲಿ ನಾನು ಲೇಖಕಿಯ ಪಕ್ಷ. ಈ ಕಥೆಯನ್ನು ನಾವು ಆರಿಸಿಕೊಂಡದ್ದೇ ಆ ರಿಜಿಸ್ಟರಿಗಾಗಿ.

ನಮ್ಮದೇ ನೆಲದ ಒಂದು ಪ್ರಕರಣ ನೋಡಿ. 2003ರಿಂದ 2009ರವರೆಗೆ, ದಕ್ಷಿಣ ಕನ್ನಡ ಮತ್ತು ಸುತ್ತಮುತ್ತಲ ಊರುಗಳಿಂದ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಮನೆ ಬಿಟ್ಟು ಹೋದರು. ಹೆಚ್ಚಿನವರು ಬಡವರ ಮನೆಯವರು, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದವರು. ಪ್ರತಿಯೊಬ್ಬಳಿಗೂ ಒಬ್ಬ ಗಂಡಸು ಸಿಕ್ಕಿದ್ದ. ಸರ್ಕಾರಿ ಕೆಲಸ ಇದೆ, ನಿಮ್ಮ ಜಾತಿಯವನೇ, ವರದಕ್ಷಿಣೆ ಬೇಡ ಎಂದಿದ್ದ. ಒಬ್ಬೊಬ್ಬಳಿಗೆ ಒಂದೊಂದು ಹೆಸರು ಹೇಳಿದ್ದ. ಮದುವೆಯಾಗೋಣ ಅಂತ ದೂರದ ಊರಿಗೆ ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಇಡು ಅನ್ನುತ್ತಿದ್ದ. ಬಸ್ ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಿರಲು ಈ ಮಾತ್ರೆ ತಗೋ, ಶೌಚಾಲಯಕ್ಕೆ ಹೋಗಿ ನುಂಗು ಅಂತ ಕೊಡುತ್ತಿದ್ದ. ಅದು ಸಯನೈಡ್. ಆಮೇಲೆ ಲಾಡ್ಜಿಗೆ ಹೋಗಿ ಒಡವೆ ಎತ್ತಿಕೊಂಡು ಮನೆಗೆ ಹೊರಡುತ್ತಿದ್ದ.

ಸಯನೈಡ್ ಮೋಹನ್ ಅಂತ ಪತ್ರಿಕೆಗಳು ಕರೆದವು. ಹಿಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಅವನ ಮೇಲೆ ನಡೆದದ್ದು ಒಟ್ಟು 20 ಕೊಲೆ ಕೇಸು.

ಇಲ್ಲಿ ಸ್ವಲ್ಪ ನಿಲ್ಲಿ. ಈ ಮನುಷ್ಯ ಬುದ್ಧಿವಂತನಾ? ಅದೇ ಸುಳ್ಳು, ಅದೇ ಲಾಡ್ಜು, ಅದೇ ಮಾತ್ರೆ, ಅದೇ ಬಸ್ ಸ್ಟ್ಯಾಂಡು. ಮೈಸೂರಿನ ಒಂದೇ ಬಸ್ ಸ್ಟ್ಯಾಂಡು, ಬೆಂಗಳೂರಿನ ಮೆಜೆಸ್ಟಿಕ್ಕು, ಹೀಗೆ ಹೋದ ಜಾಗಕ್ಕೇ ಮತ್ತೆ ಹೋಗಿದ್ದಾನೆ. ಆರು ವರ್ಷ ಒಂದು ಚೂರೂ ಬದಲಾಯಿಸಲಿಲ್ಲ, ಯಾಕೆಂದರೆ ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. ಅವನನ್ನು ಬಚ್ಚಿಟ್ಟದ್ದು ಅವನ ತಲೆ ಅಲ್ಲ. ಹುಡುಗಿ ಕಾಣೆಯಾದ ಊರು ಒಂದು ಠಾಣೆಯ ಗಡಿಯಲ್ಲಿ, ಶವ ಸಿಕ್ಕ ಬಸ್ ಸ್ಟ್ಯಾಂಡು ಇನ್ನೂರು ಕಿಲೋಮೀಟರ್ ಆಚೆಯ ಇನ್ನೊಂದು ಠಾಣೆಯ ಗಡಿಯಲ್ಲಿ. ಅಲ್ಲಿ "ಮಿಸ್ಸಿಂಗ್", ಇಲ್ಲಿ "ಯುಡಿಆರ್". ಎರಡು ಪುಸ್ತಕ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಯುಡಿಆರ್ ಅಂದರೆ ಅಸ್ವಾಭಾವಿಕ ಮರಣದ ವರದಿ. ಶೌಚಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ, ಹೆಂಗಸು ಒಳಗೆ ಸತ್ತಿದ್ದಾಳೆ, ಮೈಮೇಲೆ ಗಾಯವಿಲ್ಲ. ನೋಡಿದವರಿಗೆ ಅದು ಆತ್ಮಹತ್ಯೆ. ಮಹಜರು ಆಗುತ್ತದೆ, ಮರಣೋತ್ತರ ಪರೀಕ್ಷೆ ಆಗುತ್ತದೆ, ವಾರಸುದಾರರಿಗಾಗಿ ಕಾಯುತ್ತಾರೆ, ಯಾರೂ ಬರದಿದ್ದರೆ ಶವಸಂಸ್ಕಾರವನ್ನೂ ಅವರೇ ಮಾಡುತ್ತಾರೆ. ಆ ಪೇದೆ ತಪ್ಪು ಮಾಡಿದ ಅಂತಲ್ಲ. ಅವನ ಮುಂದೆ ಇದ್ದದ್ದು ಒಂದೇ ಶವ. ಇಪ್ಪತ್ತು ಶವ ಒಟ್ಟಿಗೆ ಯಾರ ಮುಂದೆಯೂ ಇರಲಿಲ್ಲ.

ವರದಿಗಾರನಾಗಿದ್ದ ಕಾಲದಲ್ಲಿ ನಾನು ಒಂದು ಠಾಣೆಯಲ್ಲಿ ಇಂಥ ರಿಜಿಸ್ಟರ್ ನೋಡಿದ್ದೇನೆ. ಉದ್ದನೆಯ ಪುಸ್ತಕ, ಮೂಲೆಗಳು ಸವೆದು ಮೆತ್ತಗಾಗಿದ್ದವು. ನಾನು ನೋಡಲು ಹೋದದ್ದು ಬೇರೇನೋ, ಠಾಣೆಯ ದಾಖಲೆ ಬರೆಯುವ ರೈಟರ್ ಚಹಾ ತರಿಸುವಷ್ಟರಲ್ಲಿ ಸುಮ್ನೆ ಪುಟ ತಿರುಗಿಸಿದೆ. "ಅಪರಿಚಿತ ಹೆಂಗಸು, ಸುಮಾರು 30 ವರ್ಷ, ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ, ಕೋಲು ಮುಖ, ಹಸಿರು ಸೀರೆ." ಕೆಳಗಿನ ಸಾಲಿನಲ್ಲಿ ಇನ್ನೊಬ್ಬಳು. ಅವಳೂ ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ. ಸೀರೆಯ ಬಣ್ಣವೊಂದೇ ಬೇರೆ. ಹೆಸರು ಬರೆಯುವ ಕೊನೆಯ ಕಾಲಂ ಇಬ್ಬರದ್ದೂ ಖಾಲಿ. ಆ ಖಾಲಿ ಕಾಲಂ ನನಗೆ ಇವತ್ತಿಗೂ ನೆನಪಿದೆ. ನಮ್ಮ ಲೇಖಕಿ ಮೊದಲ ಕಂತಿನ ಕರಡು ಕಳಿಸಿದಾಗ ಅದರಲ್ಲಿ ಇದೇ ಕಾಲಂ ಇತ್ತು, ಅಲ್ಲಿಗೆ ನಾನು ಒಪ್ಪಿಬಿಟ್ಟೆ.

ಇನ್ನು, ಮನೆಯವರು ಯಾಕೆ ಹುಡುಕಲಿಲ್ಲ ಅಂತ ಕೇಳಬಹುದು. ಕೆಲವರು ಹುಡುಕಿದರು. ತುಂಬ ಜನ "ಓಡಿ ಹೋದಳು" ಅಂದುಕೊಂಡು ಸುಮ್ಮನಾದರು. ಎಲ್ಲೋ ಮದುವೆಯಾಗಿ ಚೆನ್ನಾಗಿದ್ದಾಳೆ, ಒಂದಲ್ಲ ಒಂದು ದಿನ ಬರುತ್ತಾಳೆ ಅಂತ ಕಾದವರಿದ್ದಾರೆ. ಠಾಣೆಗೆ ಹೋದರೆ ಮರ್ಯಾದೆ ಹೋಗುತ್ತದೆ, ಮನೆಯಲ್ಲಿ ಇನ್ನೂ ಮದುವೆಯಾಗದ ತಂಗಿ ಇದ್ದಾಳೆ ಅನ್ನುವ ಭಯ. ಕೊಲೆಗಾರ ಈ ಭಯವನ್ನು ಲೆಕ್ಕ ಹಾಕಿಯೇ ಮನೆ ಆರಿಸುತ್ತಿದ್ದ. ಅವನ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವುದು ಇದು. ವಿಷಕ್ಕಿಂತ ಮೊದಲು ಅವನು ಬಳಸಿದ್ದು ನಮ್ಮ ನಾಚಿಕೆಯನ್ನು.

ಸಿಕ್ಕಿದ್ದು ಹೇಗೆ? 2009ರಲ್ಲಿ ಬಂಟ್ವಾಳ ಕಡೆಯ ಒಬ್ಬಳು ಕಾಣೆಯಾದಳು. ಬೇರೆ ಧರ್ಮದವನ ಜೊತೆ ಹೋಗಿದ್ದಾಳೆ ಅಂತ ಗುಲ್ಲೆದ್ದು ಜನ ಠಾಣೆ ಮುಂದೆ ಸೇರಿದರು. ಆ ಗುಮಾನಿ ಪೂರ್ತಿ ಸುಳ್ಳು. ಆದರೆ ಅದರ ಒತ್ತಡಕ್ಕೆ ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ತೆಗೆಸಿ ಕೂತರು. ಪಟ್ಟಿಯಲ್ಲಿದ್ದ ಒಂದು ನಂಬರಿನ ಹಿಂದೆ ಹೋದರೆ ಅದರ ಒಡತಿಯೂ ಕಾಣೆ. ಅವಳ ಪಟ್ಟಿ ತೆಗೆದರೆ ಇನ್ನೊಬ್ಬಳು, ಅವಳೂ ಕಾಣೆ. ಆ ರಾತ್ರಿ ಆ ಪಟ್ಟಿ ಹಿಡಿದು ಕೂತ ಪೊಲೀಸರನ್ನು ನೆನೆಸಿಕೊಳ್ಳಿ ಸಾರ್. ಒಬ್ಬ ಹುಡುಗಿಯನ್ನು ಹುಡುಕುತ್ತಿದ್ದೇವೆ ಅಂದುಕೊಂಡಿದ್ದವರಿಗೆ, ಇದು ಒಬ್ಬಳ ಕಥೆ ಅಲ್ಲ ಅಂತ ಗೊತ್ತಾಗುವ ಗಳಿಗೆ ಅದು. ಇಂಥ ಒಂದು ಫೋನು ಮಂಗಳೂರಿನ ಹತ್ತಿರ ದೇರಳಕಟ್ಟೆಯಲ್ಲಿ ಬಳಕೆಯಲ್ಲಿತ್ತು. ಅಲ್ಲಿಂದ ಅವನ ಮನೆಗೆ ದಾರಿ ಸಿಕ್ಕಿತು. ಅಕ್ಟೋಬರಿನಲ್ಲಿ ಹಿಡಿದರು. ಕೋರ್ಟಿನಲ್ಲಿ ಅವನು ತನ್ನ ವಾದ ತಾನೇ ಮಾಡಿದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಮುಂದೆ ಹೈಕೋರ್ಟಿನಲ್ಲಿ ಕೆಲವು ಶಿಕ್ಷೆಗಳು ಬದಲಾದವು, 20ನೇ ಕೇಸಿನ ತೀರ್ಪು ಬರುವಷ್ಟರಲ್ಲಿ 2020 ಆಗಿತ್ತು.

ಇದರಲ್ಲಿ ಚೇಸ್ ಎಲ್ಲಿದೆ ಹೇಳಿ. ಆದರೆ ಮೈ ಜುಂ ಅನ್ನಲಿಲ್ವಾ?

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಪೀಟರ್ ಸಟ್‌ಕ್ಲಿಫ್ ಅನ್ನುವ ಲಾರಿ ಡ್ರೈವರು 1975ರಿಂದ 1980ರವರೆಗೆ 13 ಹೆಂಗಸರನ್ನು ಕೊಂದ. ಅವನನ್ನು ಹುಡುಕಲು ಒಂದು ದೊಡ್ಡ ಪಡೆಯೇ ಇತ್ತು. ಆ ಅವಧಿಯಲ್ಲಿ ಪೊಲೀಸರು ಅವನನ್ನು ಒಂಬತ್ತು ಸಲ ವಿಚಾರಿಸಿ ಬಿಟ್ಟಿದ್ದರು. ಒಂಬತ್ತು ಸಲ! ಮಾಹಿತಿಯೆಲ್ಲ ಕಾರ್ಡುಗಳಲ್ಲಿ ಬರೆದಿಟ್ಟಿದ್ದರು, ಕಾರ್ಡು ಲಕ್ಷಗಟ್ಟಲೆ ಬೆಳೆದು ಒಂದಕ್ಕೊಂದು ತಾಳೆ ಹಾಕಲು ಆಗದೆ ಹೋಯಿತು. ಮೇಲಿಂದ ನಾನೇ ಕೊಲೆಗಾರ ಅಂತ ಯಾವನೋ ಒಬ್ಬ ಕ್ಯಾಸೆಟ್ ಕಳಿಸಿದ. ಅವನ ಮಾತಿನ ಧಾಟಿ ಬೇರೆ ಪ್ರದೇಶದ್ದು. ಹಿರಿಯ ಅಧಿಕಾರಿಗಳು ಅದನ್ನೇ ನಂಬಿದರು. ಆ ಧಾಟಿಯಲ್ಲಿ ಮಾತಾಡದವನು ಕೊಲೆಗಾರ ಅಲ್ಲ ಅಂತಾಯಿತು, ಸಟ್‌ಕ್ಲಿಫ್ ಇನ್ನಷ್ಟು ಬಚಾವಾದ. ನೀವು ಕೇಳಿದಿರಲ್ಲ, ಪೊಲೀಸರಿಗೆ ಸವಾಲು ಹಾಕುವ ಬುದ್ಧಿವಂತ ಕೊಲೆಗಾರ ಅಂತ, ಅಲ್ಲಿ ಅಧಿಕಾರಿಗಳೂ ಅಂಥವನನ್ನೇ ಹುಡುಕುತ್ತಿದ್ದರು. ಅಂಥವನು ಇರಲೇ ಇಲ್ಲ.

1981ರ ಜನವರಿಯಲ್ಲಿ ಅವನನ್ನು ಹಿಡಿದದ್ದು ಶೆಫೀಲ್ಡಿನ ಇಬ್ಬರು ಗಸ್ತು ಪೊಲೀಸರು, ಕಾರಿಗೆ ಸುಳ್ಳು ನಂಬರ್ ಪ್ಲೇಟ್ ಹಾಕಿದ್ದಾನೆ ಅಂತ. ಹಿಡಿಯುವ ಹೊತ್ತಿಗೆ ಅವನು ಮೂತ್ರಕ್ಕೆ ಹೋಗಬೇಕು ಅಂತ ಪಕ್ಕಕ್ಕೆ ಸರಿದಿದ್ದ. ಮರುದಿನ, ಇವನನ್ನು ಕೊಲೆ ತನಿಖೆಯ ಪಡೆಯವರು ಇನ್ನೂ ವಿಚಾರಿಸುತ್ತಿದ್ದಾರೆ ಅಂತ ತಿಳಿದಾಗ, ಹಿಡಿದ ಇಬ್ಬರಲ್ಲಿ ಒಬ್ಬನಾದ ಸಾರ್ಜೆಂಟಿಗೆ ಏನೋ ಹೊಳೆಯಿತು. ಅದೇ ಜಾಗಕ್ಕೆ ವಾಪಸು ಹೋಗಿ, ಅವನು ನಿಂತಿದ್ದ ಮೂಲೆಯಲ್ಲಿ ಹುಡುಕಿದರು. ಎಲೆಗಳ ಮಧ್ಯೆ ಸುತ್ತಿಗೆ, ಚಾಕು. ಐದು ವರ್ಷದ ಹುಡುಕಾಟ ಮುಗಿದದ್ದು ಆ ಮೂಲೆಯಲ್ಲಿ. ನನ್ನ ಮಟ್ಟಿಗೆ ಪತ್ತೇದಾರಿ ಅಂದರೆ ಆ ಮನುಷ್ಯ, ವಾಪಸು ಹೋಗಿ ನೋಡಿದವನು. 1968ರಲ್ಲಿ ಬೊಂಬಾಯಿಯ ಸರಣಿ ಕೊಲೆಗಾರ ರಾಮನ್ ರಾಘವ್ ಸಿಕ್ಕಿದ್ದೂ ಹೀಗೆಯೇ, ರಸ್ತೆಯಲ್ಲಿ ಹೋಗುತ್ತಿದ್ದವನನ್ನು ಒಬ್ಬ ಸಬ್ ಇನ್‌ಸ್ಪೆಕ್ಟರ್ ಗುರುತು ಹಿಡಿದರು.

ಓಡಲೇಬೇಕು, ಬೇಗ ಹಿಡಿಯಲೇಬೇಕು ಅನ್ನುವ ಆತುರ ಏನು ಮಾಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಕೊರಿಯಾದ ಹ್ವಾಸಂಗ್‌ನಲ್ಲಿ 1986ರಿಂದ 1991ರ ನಡುವೆ 10 ಕೊಲೆ ಆದವು. 20 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಎಂಟನೇ ಕೊಲೆಗೆ ಒಬ್ಬ ಯುವಕನನ್ನು ಹಿಡಿದರು. ಪೋಲಿಯೋದಿಂದ ಕಾಲು ಊನವಾಗಿದ್ದವನು. ನಿದ್ದೆ ಕೊಡದೆ, ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು. ಅವನು ಸುಮಾರು 20 ವರ್ಷ ಜೈಲಿನಲ್ಲಿದ್ದ. 2019ರಲ್ಲಿ ಹಳೆಯ ಬಟ್ಟೆಗಳ ಮೇಲಿನ ಡಿಎನ್‌ಎ ಪರೀಕ್ಷೆ ಮಾಡಿದಾಗ ನಿಜವಾದ ಕೊಲೆಗಾರ ಗೊತ್ತಾದ. ಬೇರೊಂದು ಕೊಲೆಗೆ ಅವನು 1994ರಿಂದಲೇ ಜೈಲಿನಲ್ಲಿದ್ದ. ಆ ಎಂಟನೆಯದೂ ತನ್ನದೇ ಅಂತ ಒಪ್ಪಿಕೊಂಡ. ಊನ ಕಾಲಿನ ಆ ಮನುಷ್ಯನಿಗೆ ಕೋರ್ಟು ನಿರ್ದೋಷಿ ಅಂತ ಹೇಳಿದ್ದು 2020ರ ಡಿಸೆಂಬರಿನಲ್ಲಿ, ಅಷ್ಟರಲ್ಲಿ ಅವನ ಯೌವನ ಎಲ್ಲ ಕಳೆದಿತ್ತು. ಆ ಕೇಸಿನ ಪೊಲೀಸರೂ ಓಡಿದವರೇ, ರಾತ್ರಿ ಹಗಲು ಓಡಿದವರು.

ಇನ್ನು ಕೊಲೆಗಾರನ ಬಾಲ್ಯ, ಅವನ ಮನಸ್ಸು. ಇದು ನಾನೂ ಲೇಖಕಿಯೂ ಕೂತು ಮಾತಾಡಿ ಬೇಕೆಂದೇ ಬಿಟ್ಟದ್ದು. ಮೋಹನನ ಹೆಸರು ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಸತ್ತ 20 ಹೆಣ್ಣುಮಕ್ಕಳು ಬೀಡಿ ಕಟ್ಟುತ್ತಿದ್ದರಾ, ಅಂಗನವಾಡಿಗೆ ಹೋಗುತ್ತಿದ್ದರಾ, ಯಾರಿಗೆ ಹಾಡು ಬರುತ್ತಿತ್ತು, ನಮಗೆ ಯಾರಿಗೂ ಗೊತ್ತಿಲ್ಲ. ಅದಕ್ಕೇ ನಮ್ಮ ಕಥೆಯಲ್ಲಿ ಪ್ರತಿ ಕಂತಿನಲ್ಲೂ ಖಾಲಿ ಕಾಲಂ ಒಂದರಲ್ಲಿ ಒಂದು ಹೆಸರು ತುಂಬುತ್ತದೆ. ಹೆಸರು ತುಂಬಿದ ಮೇಲೆ ಇನ್‌ಸ್ಪೆಕ್ಟರಮ್ಮ ಆ ಮನೆಗೆ ಹೋಗುತ್ತಾಳೆ, ತಾಯಿ ಎದುರು ಕೂರುತ್ತಾಳೆ. ನೀವು "ಎಳೆದಾಟ" ಅಂದದ್ದು ಈ ಭಾಗವನ್ನೇ. ಒಂಬತ್ತನೇ ಕಂತಿನಲ್ಲಿ ಆ ತಾಯಿ ಮಗಳ ಸೀರೆಯ ಬಣ್ಣ ಹೇಳುವ ಜಾಗ ಇನ್ನೊಂದು ಸಲ ಓದಿ ನೋಡಿ. ಹಸಿರಲ್ಲಮ್ಮ, ಗಿಳಿಹಸಿರು ಅನ್ನುತ್ತಾಳೆ. ರಿಜಿಸ್ಟರಿನಲ್ಲಿ ಬರೆದವರಿಗೆ ಅದು ಬರೀ ಹಸಿರು.

ಕೊಲೆಗಾರ ಬರುತ್ತಾನೆ. ಹದಿಮೂರನೇ ಕಂತಿನಲ್ಲಿ. ನಿಮ್ಮ ನಿರೀಕ್ಷೆಗಿಂತ ಚಿಕ್ಕವನಾಗಿ ಕಾಣುತ್ತಾನೆ, ಅಷ್ಟು ಮಾತ್ರ ಈಗ ಹೇಳಬಲ್ಲೆ.

ಕೊನೆಗೆ, ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವು ಹಾಗೇ ಬರೆದು ಬಿಟ್ಟ ಒಂದು ಮಾತಿದೆ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮದು ಹಣ್ಣಿನ ಅಂಗಡಿ. ಎದುರಿನ ಕಂಬಕ್ಕೆ ಪೊಲೀಸರು ಆಗಾಗ "ಗುರುತು ಪತ್ತೆಗೆ ಸಹಕರಿಸಿ" ಅನ್ನುವ ನೋಟಿಸು ಅಂಟಿಸುತ್ತಾರೆ, ಮಳೆ ಬಂದರೆ ಫೋಟೋ ಅಳಿಸಿ ಹೋಗುತ್ತದೆ, ಒಮ್ಮೆ ಹಳ್ಳಿಯಿಂದ ಬಂದ ಒಬ್ಬ ಅಜ್ಜ ಅದರ ಮುಂದೆ ಅರ್ಧ ಗಂಟೆ ನಿಂತಿದ್ದ ಅಂತ ಬರೆದಿದ್ದೀರಿ. ಅಲ್ಲಿಗೇ ನಿಲ್ಲಿಸಿ ಮತ್ತೆ ಚೇಸಿನ ವಿಷಯಕ್ಕೆ ಹೋಗಿದ್ದೀರಿ. ಆ ಅಜ್ಜ ಯಾರನ್ನು ಹುಡುಕುತ್ತಿದ್ದ, ನಿಮ್ಮ ಹತ್ತಿರ ಏನಾದರೂ ಕೇಳಿದನಾ, ಆಮೇಲೆ ಯಾವ ಬಸ್ಸು ಹತ್ತಿದ? ಎರಡು ಪುಟ ಬರೆದು ಕಳಿಸಿ. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಈ ತಿಂಗಳ 25ರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ.

ನಿಮ್ಮ,
ಸಂಪಾದಕ