ಕದ್ದದ್ದು ಪಾತ್ರ, ನೊಂದದ್ದು ಗೆಳತಿ

ಪ್ರಶ್ನೆ: ಕಾಲೇಜಿನಿಂದ ಜೊತೆಗಿರುವ ನಾವು ಆರು ಮಂದಿ ಎರಡು ವಾರಕ್ಕೊಮ್ಮೆ ಭಾನುವಾರ ಬೆಂಗಳೂರಿನ ನನ್ನ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಸಾಹಸದ ಕಥೆ ಕಟ್ಟುವ ಆಟ ಅದು. ಕಥೆ ನಡೆಸುವ ಡಿಎಂ ನಾನೇ. ರೋಗ್, ಅಂದರೆ ಕಳ್ಳನ ಪಾತ್ರ ಆಡುವ ಗೆಳೆಯ ಆಟದಲ್ಲಿ ನಮ್ಮವರ ಚೀಲಕ್ಕೇ ಕೈ ಹಾಕುತ್ತಾನೆ. ಹೋದ ಸಲ ಕ್ಲೆರಿಕ್, ಅಂದರೆ ಗಾಯ ವಾಸಿಮಾಡುವ ಪೂಜಾರಿಯ ಪಾತ್ರ ಆಡುವ ಗೆಳತಿಯ ಹೀಲಿಂಗ್ ಪೋಷನ್ (ಗಾಯ ಮಾಯಿಸುವ ಮದ್ದು) ಕದ್ದ. ಕೇಳಿದರೆ ‘ನನ್ನ ಕ್ಯಾರೆಕ್ಟರೇ ಹಂಗೆ’ ಅಂತಾನೆ. ಬುದ್ಧಿ ಬರಲಿ ಎಂದು ಊರ ಕಾವಲುಗಾರರನ್ನು ಅವನ ಹಿಂದೆ ಬಿಟ್ಟೆ, ಪ್ರಯೋಜನವಾಗಲಿಲ್ಲ. ಕಾಳಗ ಬಂದರೆ ರೂಲ್ಸಿನ ವಾದ. ಆ ಗೆಳತಿ ಈಗ ಮಾತೇ ಆಡುತ್ತಿಲ್ಲ. ಪ್ರತಿ ಸಲ ಆರು ಗಂಟೆ ತಯಾರಿ ಮಾಡಿ ನನಗೂ ಸಾಕಾಗಿದೆ. ಆಟ ಬಿಟ್ಟರೆ ಗೆಳೆತನವೂ ಹೋದೀತೆಂಬ ಭಯ. ಏನು ಮಾಡಲಿ?

ಉತ್ತರ: ಆ ಪೋಷನ್ನಿನಿಂದಲೇ ಶುರು ಮಾಡೋಣ. ಆಟದ ಲೆಕ್ಕದಲ್ಲಿ ಅದು 50 ಚಿನ್ನದ ನಾಣ್ಯದ ಸೀಸೆ. ಕುಡಿದರೆ ಎರಡು ಡಿ4 (ನಾಲ್ಕು ಮುಖದ ದಾಳ) ಉರುಳಿಸಿ 2 ಕೂಡಿಸಿದಷ್ಟು, ಅಂದರೆ ಸರಾಸರಿ 7 ಹಿಟ್ ಪಾಯಿಂಟ್, ಪಾತ್ರದ ಜೀವದ ಅಂಕ, ಮರಳುತ್ತದೆ. ಬೆಲೆಯಲ್ಲಿ ದೊಡ್ಡ ಕಳವೇನಲ್ಲ. ಆದರೆ ಕ್ಲೆರಿಕ್ ಆಡುವವರು ಅಂಥ ಸೀಸೆಯನ್ನು ಬೇರೆಯವರಿಗಾಗಿ ಎತ್ತಿಟ್ಟುಕೊಂಡಿರುತ್ತಾರೆ, ಯಾರದಾದರೂ ಆ ಅಂಕ ಸೊನ್ನೆಗೆ ಬಿದ್ದು, ಬದುಕುವರೋ ಸಾಯುವರೋ ಎಂದು ದಾಳ ಉರುಳಿಸುವ ಡೆತ್ ಸೇವ್ ಹಾಕುವ ಹೊತ್ತಿಗೆ ಬೇಕಾಗುತ್ತದೆಂದು. ಅದನ್ನು ಪಕ್ಕದಲ್ಲಿ ಕೂತು ಒಂದೇ ತಟ್ಟೆಯ ಚುರುಮುರಿ ತಿನ್ನುವವನೇ ಎತ್ತಿದ. ಅವಳು ಸುಮ್ಮನಾದದ್ದು ಸೀಸೆ ಹೋಯಿತೆಂದಲ್ಲ.

ಕಾವಲುಗಾರರ ಉಪಾಯ ಯಾಕೆ ಕೈಕೊಟ್ಟಿತು ಗೊತ್ತೇ? ಕದ್ದು ಓಡುವುದು, ಮಾಡು ಹತ್ತುವುದು, ಕತ್ತಲಲ್ಲಿ ಅಡಗುವುದು, ಇವೆಲ್ಲ ರೋಗ್ ಆಡುವವನಿಗೆ ಹಬ್ಬ. ಬೆನ್ನಟ್ಟುವ ದೃಶ್ಯ ಅರ್ಧ ಗಂಟೆ ನಡೆದರೆ ಆ ಅರ್ಧ ಗಂಟೆ ಟೇಬಲ್ ಪೂರ್ತಿ ಅವನದೇ, ಮಿಕ್ಕ ನಾಲ್ವರು ನೋಡುತ್ತ ಕೂರಬೇಕು. ಗೆಳೆಯರ ನಡುವೆ ಹುಟ್ಟಿದ ಬೇಸರವನ್ನು ಆಟದೊಳಗಿನ ಶಿಕ್ಷೆಯಿಂದ ಸರಿಮಾಡಲು ಹೋದಾಗಲೆಲ್ಲ ಹೀಗೇ ಆಗುತ್ತದೆ. ಆಟ ನಿಲ್ಲಿಸಿ, ದಾಳ ಪಕ್ಕಕ್ಕಿಟ್ಟು ಮಾತಾಡಬೇಕು.

ಮೊದಲು ಅವನೊಬ್ಬನ ಜೊತೆ, ಎದುರಾಎದುರು. ವಾಟ್ಸಾಪ್ ಗ್ರೂಪಿನಲ್ಲಿ ಖಂಡಿತ ಬೇಡ, ನಾಲ್ಕು ಜನರ ಮುಂದೆ ಅವನು ತನ್ನನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ. ‘ನೀನು ಯಾವಾಗಲೂ ಹಿಂಗೇ’ ಎಂದು ಶುರು ಮಾಡಬೇಡಿ. ನಡೆದ ಒಂದೇ ಘಟನೆ ಹಿಡಿಯಿರಿ: ‘ನೋಡೋ, ಆ ಪೋಷನ್ ಎತ್ಕೊಂಡ ಮೇಲೆ ಅವಳು ಒಂದು ಮಾತೂ ಆಡ್ಲಿಲ್ಲ. ನಂಗೂ ಬೇಜಾರಾಯ್ತು. ನಮ್ಮವರ ಹತ್ರ ಕದಿಯೋದು ಇನ್ಮೇಲೆ ಬೇಡ ಕಣೋ.’ ಅವನು ‘ಕ್ಯಾರೆಕ್ಟರೇ ಹಂಗೆ’ ಎಂದರೆ, ಆ ಕ್ಯಾರೆಕ್ಟರನ್ನು ಬರೆದದ್ದು ಅವನೇ ಎಂದು ನೆನಪಿಸಿ. ಜಗತ್ತಿನವರನ್ನೆಲ್ಲ ದೋಚಿದರೂ ತನ್ನ ಗುಂಪಿನವರ ಚೀಲ ಮುಟ್ಟದ ಕಳ್ಳನೂ ಒಳ್ಳೆಯ ಪಾತ್ರವೇ. ಯಾಕೆ ಮುಟ್ಟುವುದಿಲ್ಲ ಎಂಬ ಕಾರಣವನ್ನು ಅವನೇ ಹುಡುಕಲಿ, ಅದರಿಂದ ನಿಮಗೊಂದು ಕಥೆಯೂ ಸಿಕ್ಕೀತು.

ಅವನು ಕೈ ಹಾಕುವುದು ಯಾವ ಹೊತ್ತಿನಲ್ಲಿ ಎಂಬುದನ್ನೂ ಗಮನಿಸಿ. ಬೇರೆಯವರು ಯಾರದೋ ದರ್ಬಾರಿನಲ್ಲಿ ಮಾತುಕತೆ ನಡೆಸುವಾಗಲೇ ಆದರೆ, ಅವನಿಗೆ ಬೇಜಾರಾಗುತ್ತಿದೆ. ಎರಡು ಸೆಷನ್ನಿಗೊಮ್ಮೆ ಒಂದು ಬೀಗ, ಒಂದು ಪಹರೆ, ಕದಿಯಲೇಬೇಕಾದ ಒಂದು ಪತ್ರ ಇಡಿ.

ಟೇಬಲ್ಲಿಗೆ ಒಂದು ನಿಯಮ ಬೇಕು. ದಾಳ ಯಾವಾಗ ಉರುಳಬೇಕೆಂದು ಹೇಳುವುದು ಡಿಎಂ ಕೆಲಸ, ಆಟಗಾರರದ್ದಲ್ಲ. ‘ಕದೀತೀನಿ’ ಎನ್ನುತ್ತಲೇ ಅವನು ಇಪ್ಪತ್ತು ಮುಖದ ಡಿ20 ಉರುಳಿಸಿ, ತನ್ನ ಪಾತ್ರದ ಕೌಶಲದ ಅಂಕವನ್ನೂ ಕೂಡಿಸಿ ‘24!’ ಎಂದು ಕೂಗಿದ ಮೇಲೆ ಬೇಡ ಅನ್ನುವುದು ಕಷ್ಟ, ಗೆದ್ದದ್ದನ್ನು ಕಿತ್ತುಕೊಂಡಂತಾಗುತ್ತದೆ. ಹಾಗಾಗಿ ಒಬ್ಬರ ಪಾತ್ರ ಇನ್ನೊಬ್ಬರ ಪಾತ್ರದ ಮೇಲೆ ಏನೇ ಮಾಡಲು ಹೊರಟರೂ, ದಾಳಕ್ಕೆ ಮೊದಲು ಆ ಇನ್ನೊಬ್ಬರನ್ನು ಕೇಳಿ. ಅವರು ಒಪ್ಪದಿದ್ದರೆ ಅದು ನಡೆಯಲೇ ಇಲ್ಲ. ಕೇಳದೆ ಉರುಳಿಸಿದ ದಾಳ ಲೆಕ್ಕಕ್ಕಿಲ್ಲ. ಇದು ಅವನೊಬ್ಬನಿಗಲ್ಲ, ಐವರಿಗೂ ಅನ್ವಯ.

ಈ ನಿಯಮ ಹೇಳಲು ಮುಂದಿನ ಭಾನುವಾರದ ಮೊದಲ 45 ನಿಮಿಷ ತೆಗೆದಿಡಿ. ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಬೇಕು ಬೇಡ ಮಾತಾಡಿಕೊಳ್ಳುವುದನ್ನು ಸೆಷನ್ ಝೀರೋ ಅನ್ನುತ್ತಾರಲ್ಲ, ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಒಂದೇ ಕಥೆ) ನಡುವೆಯೂ ಅದನ್ನು ಮಾಡಬಹುದು. ಪ್ರತಿಯೊಬ್ಬರಿಗೂ ಎರಡೇ ಪ್ರಶ್ನೆ: ಇಲ್ಲಿಯವರೆಗೆ ಯಾವ ದೃಶ್ಯ ತುಂಬ ಹಿಡಿಸಿತು, ಮುಂದೆ ಏನು ಕಡಿಮೆಯಾಗಬೇಕು. ಮೊದಲು ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಲಿ. ಬಾಯಿಮಾತಿನಲ್ಲೇ ಕೇಳಿದರೆ ಜೋರು ದನಿಯವನು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸಿಬಿಡುತ್ತಾರೆ.

ರೂಲ್ಸಿನ ವಾದಕ್ಕೆ ಎರಡು ನಿಮಿಷ ಸಾಕು. ಕಾಳಗದಲ್ಲಿ ಐವರ ಸರದಿ ತಲಾ ಮೂರು ನಿಮಿಷ, ನಿಮ್ಮದು ಐದು ಎಂದರೂ ಒಂದು ಸುತ್ತು ಮುಗಿಯಲು 20 ನಿಮಿಷ. ಕಥೆಯೊಳಗೆ ಕಳೆದಿರುವುದು ಬರೀ ಆರು ಸೆಕೆಂಡು. ನಡುವೆ ಹತ್ತು ನಿಮಿಷ ಪುಸ್ತಕ ತಿರುವಿದರೆ ಸರದಿ ಕಾಯುವವರ ಕೈ ಮೊಬೈಲಿಗೆ ಹೋಗುತ್ತದೆ. ಎರಡು ನಿಮಿಷದಲ್ಲಿ ಸಿಗದಿದ್ದರೆ ನೀವು ತೀರ್ಪು ಕೊಡಿ, ಬರೆದಿಡಿ, ಆಟ ಮುಗಿದ ಮೇಲೆ ನೋಡಿ. ಪುಸ್ತಕ ಹುಡುಕುವ ಹೊಣೆಯನ್ನು ಅವನಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ರೂಲ್ಸ್ ಚೆನ್ನಾಗಿ ಬಲ್ಲವನು ಟೇಬಲ್ಲಿಗೆ ಆಸ್ತಿಯೇ.

ಗೆಳತಿಗೆ ‘ಏನ್ ಮಾಡ್ತೀರಾ?’ ಎಂದು ಎಲ್ಲರಿಗೂ ಸೇರಿಸಿ ಕೇಳುವ ಪ್ರಶ್ನೆ ತಲುಪುವುದಿಲ್ಲ, ಅವಳು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಉತ್ತರಿಸಿರುತ್ತಾರೆ. ಅವಳ ಪಾತ್ರದ ಹೆಸರು ಹಿಡಿದು ಕೇಳಿ: ‘ಈ ಗುಡಿಯಲ್ಲಿ ನಿನ್ನ ದೇವರ ಮೂರ್ತಿಗೆ ಯಾರೋ ಬಟ್ಟೆ ಕಟ್ಟಿದ್ದಾರೆ, ಬಿಚ್ತೀಯಾ ಬಿಡ್ತೀಯಾ?’ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಯಾರನ್ನೂ ನಡುವೆ ಬರಲು ಬಿಡಬೇಡಿ.

ಇನ್ನು ನಿಮ್ಮ ಆಯಾಸ. ಆರು ಗಂಟೆ ತಯಾರಿ ಹೆಚ್ಚಾಯಿತು. ಆರಂಭದ ಒಂದು ದೃಶ್ಯ, ಮೂರು ಜಾಗ, ಎರಡು ಕಾಳಗ, ಐದಾರು ಹೆಸರು, ಇಷ್ಟನ್ನು ಒಂದೂವರೆ ಗಂಟೆಯಲ್ಲಿ ಬರೆದುಕೊಳ್ಳಬಹುದು. ಎರಡು ಭಾನುವಾರ ಬೇರೆಯವರು ಒಂದೇ ದಿನದಲ್ಲಿ ಮುಗಿಯುವ ಕಥೆ ನಡೆಸಲಿ, ನೀವು ಸುಮ್ಮನೆ ಒಂದು ಪಾತ್ರ ಆಡಿ. ಪುಸ್ತಕವಿಲ್ಲವೆಂದು ಅವರು ಹಿಂಜರಿದರೆ, ಮೂಲ ನಿಯಮಗಳ ಎಸ್‌ಆರ್‌ಡಿ 5.1 ಎಂಬ ಪಿಡಿಎಫ್ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತದೆ. ರೋಗ್ ಆಡುವವನೇ ಮುಂದೆ ಬಂದರೆ ಬೇಡ ಅನ್ನಬೇಡಿ.

ಇಷ್ಟಾದ ಮೇಲೂ ಮೂರು ಸೆಷನ್ನಿನಲ್ಲಿ ಏನೂ ಬದಲಾಗದಿದ್ದರೆ ಅವನಿಗೆ ನೇರವಾಗಿ ಹೇಳಿ: ‘ಈ ಕ್ಯಾಂಪೇನ್ ನಿನಗೆ ಹೊಂದ್ತಿಲ್ಲ, ಇದನ್ನ ನಾವು ಐದು ಜನ ಮುಗಿಸ್ತೀವಿ. ಶನಿವಾರ ಊಟಕ್ಕೆ ಬಾ.’ ಆ ಶನಿವಾರದ ಊಟವನ್ನು ಮಾತ್ರ ತಪ್ಪಿಸಬೇಡಿ. ಇದಕ್ಕೆಲ್ಲ ಮೊದಲು, ಇವತ್ತೇ ಗೆಳತಿಗೊಂದು ಫೋನ್ ಮಾಡಿ. ಆ ಪೋಷನ್ ವಿಷಯ ನಿಮಗೂ ಬೇಸರ ತಂದಿತೆಂದು ಅವಳಿಗೆ ಯಾರೂ ಇನ್ನೂ ಹೇಳಿರಲಿಕ್ಕಿಲ್ಲ.