ಸಮನ್ಸ್ ತೆಗೆದುಕೊಳ್ಳದಿದ್ದರೆ ದಾವೆ ನಿಲ್ಲುವುದೇ?

ಪ್ರಶ್ನೆ: ಹಡಪ್ಸರದಲ್ಲಿ ನಾನು ನಡೆಸುತ್ತಿದ್ದ ಉಪಾಹಾರಗೃಹ ಮುಚ್ಚಿತು. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಶಿವಾಜಿನಗರದ ನ್ಯಾಯಾಲಯದಲ್ಲಿ ದಾವೆ ಹೂಡಿದೆ. ಬೇಲಿಫ್ (ನ್ಯಾಯಾಲಯದ ಕಾಗದ ತಲುಪಿಸುವ ಸಿಬ್ಬಂದಿ) ತಂದ ಸಮನ್ಸನ್ನು ನಾನು ತೆಗೆದುಕೊಳ್ಳದಿದ್ದಾಗ ಅವರು ಅದನ್ನು ಬಾಗಿಲಿಗೆ ಅಂಟಿಸಿ ಹೋದರು. ಈಗ ಸಂಬಳದ ಕೆಲಸದಲ್ಲಿದ್ದೇನೆ. ಸುಮ್ಮನಿದ್ದರೆ ಏನಾಗುತ್ತದೆ?
– ಓದುಗರು, ಪುಣೆ

ಉತ್ತರ: ಬಾಗಿಲಿಗೆ ಅಂಟಿಸಿದ ಬಗ್ಗೆ ಬೇಲಿಫ್ ಸಲ್ಲಿಸುವ ವರದಿಯನ್ನು ನ್ಯಾಯಾಲಯ ಒಪ್ಪಿದರೆ ಸಮನ್ಸ್ ಜಾರಿಯಾದಂತೆಯೇ. ಮೊದಲು ಆ ಕಾಗದವನ್ನು ಓದಿರಿ. ಮರಾಠಿ ಬಾರದಿದ್ದರೆ ಬಲ್ಲವರಿಂದ ಓದಿಸಿರಿ. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಸಂಕ್ಷಿಪ್ತ ದಾವೆಯಾಗಿದ್ದರೆ (ಬೇಗ ಮುಗಿಸುವ ವಿಧಾನದ ದಾವೆ) 10 ದಿನಗಳೊಳಗೆ ಹಾಜರಾತಿ ದಾಖಲಿಸಬೇಕು. ತಪ್ಪಿದರೆ ವಾದಿಯ ಆರೋಪಗಳನ್ನು ನೀವು ಒಪ್ಪಿದಿರೆಂದು ಭಾವಿಸಿ ನ್ಯಾಯಾಲಯ ಡಿಕ್ರಿ (ದಾವೆಯ ತೀರ್ಮಾನದ ಆದೇಶ) ಕೊಡಬಹುದು. ಸಾಮಾನ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ (ನಿಮ್ಮ ಉತ್ತರಕ್ಕೆ) 30 ದಿನ, ಕಾರಣ ಒಪ್ಪಿಗೆಯಾದರೆ 90 ದಿನಗಳವರೆಗೆ ಅವಕಾಶವಿದೆ. ಬಡ್ಡಿಯ ಲೆಕ್ಕ ತಪ್ಪಾಗಿದೆ, ಕಟ್ಟಿದ ಕಂತು ಜಮೆಯಾಗಿಲ್ಲ ಎಂಬ ತಕರಾರುಗಳಿಗೆ ಬೆಲೆ ಬರುವುದು ಹಾಜರಾದವರ ಬಾಯಲ್ಲಿ ಮಾತ್ರ.

ನೀವು ಹಾಜರಾಗದೆ ಏಕಪಕ್ಷೀಯ ಡಿಕ್ರಿಯಾದರೆ ಅದನ್ನು ಜಾರಿಗೊಳಿಸಲು ಕಂಪನಿಗೆ 12 ವರ್ಷ ಕಾಲಾವಕಾಶವಿದೆ. ಬ್ಯಾಂಕ್ ಖಾತೆಯನ್ನು ಜಪ್ತಿ ಮಾಡಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ, ಮಿಕ್ಕಿದ್ದನ್ನು ನಿಮ್ಮ ಮಾಲೀಕರೇ ಹಿಡಿದು ಕಟ್ಟಬೇಕಾಗುತ್ತದೆ. ವಸೂಲಿಗಾರರು ಹೆದರಿಸುವಂತೆ ಜೈಲಿನ ಭಯ ಬೇಡ: ನಿಜವಾಗಿಯೂ ಕೈಯಲ್ಲಿ ಹಣವಿಲ್ಲದವರನ್ನು ಬಡತನದ ಕಾರಣಕ್ಕೇ ಸಿವಿಲ್ ಸೆರೆಗೆ ಕಳುಹಿಸುವಂತಿಲ್ಲ. ವಕೀಲರ ಶುಲ್ಕ ಕಷ್ಟವೆನಿಸಿದರೆ ಪುಣೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಈ ವಾರವೇ ಕಾಣಿರಿ.